ಅಜ್ಜಿಯ ಬ್ಯಾರನ್, ಅಮ್ಮನ ಕಂಪ್ಯೂಟರ್

ನಮ್ಮ ಮನೆಯ ಅನ್ನಕ್ಕೂ ಹೊಗೆಸೊಪ್ಪಿನ ವಾಸನೆ ಇತ್ತಂತೆ. ಹಾಗೆಂದು ಹೇಳುತ್ತಿದ್ದವರು ಬೇರೆ ಊರುಗಳಿಂದ ಬಂದ ನೆಂಟರು. ಅಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಾಗುತ್ತಿರಲಿಲ್ಲ. ಹನಗೋಡಿನಿಂದ ಲಕ್ಷ್ಮಣತೀರ್ಥದ ದಂಡೆ ಹಿಡಿದು ನಡೆದರೆ ಸಿಗುವ ಸಣ್ಣ ಊರು ನಮ್ಮದು. ಮನೆಯ ಮುಂದೆ ಜಗುಲಿ, ಒಳಗೆ ಉದ್ದನೆಯ ನಡುಮನೆ, ಅದರ ಎಡಕ್ಕೆ ಅಜ್ಜಿಯ ಕೋಣೆ, ಬಲಕ್ಕೆ ಸೊಪ್ಪಿನ ಕೋಣೆ. ಬೆಂದು ಹಳದಿಯಾದ ಹೊಗೆಸೊಪ್ಪನ್ನು ಮೇಲಿಂದ ಮೇಲೆ ಜೋಡಿಸಿ, ಗೋಣಿತಾಟು ಹೊದಿಸಿ ಇಡುತ್ತಿದ್ದದ್ದು ಆ ಕೋಣೆಯಲ್ಲಿ. ಮಳೆಗಾಲದಲ್ಲಿ ನಾವು ಮಕ್ಕಳು ಅದರ ಬಾಗಿಲ ಬಳಿ ಮಲಗಿದರೆ ಬೆಚ್ಚಗಿರುತ್ತಿತ್ತು. ಅಡುಗೆಮನೆ ದಾಟಿ ಹಿತ್ತಿಲಿಗೆ ಇಳಿದರೆ ಎದುರಿಗೇ ಬ್ಯಾರನ್ನು. ಕಿಟಕಿಯಿಲ್ಲದ, ಸೂರಿನ ಬಳಿ ಗಾಳಿಕಿಂಡಿ ಮಾತ್ರ ಇದ್ದ, ನಮ್ಮ ಮನೆಗಿಂತ ಎತ್ತರವಾದ ಇಟ್ಟಿಗೆಯ ಕಟ್ಟಡ ಅದು. ಕೆಳಗೆ ಸೌದೆ ತುಂಬುವ ಒಲೆ ಬಾಯಿ. ಒಲೆಯ ಶಾಖವನ್ನು ಒಳಗೆಲ್ಲ ಸುತ್ತಿಸುವ ದಪ್ಪ ತಗಡಿನ ಕೊಳವೆಗಳು. ಅವುಗಳ ಮೇಲೆ ಸೂರಿನವರೆಗೆ ಸಾಲು ಸಾಲಾಗಿ ಕಡ್ಡಿಗೆ ಕಟ್ಟಿ ತೂಗುಹಾಕಿದ ಹಸಿ ಸೊಪ್ಪು. ಬಾಗಿಲಲ್ಲಿ ಅಂಗೈಯಗಲದ ಒಂದು ಗಾಜು. ಅದರೊಳಗೆ ನೇತುಹಾಕಿದ್ದ ಶಾಖದ ಕಡ್ಡಿಯನ್ನು, ಅಂದರೆ ಥರ್ಮಾಮೀಟರನ್ನು, ಹೊರಗಿನಿಂದಲೇ ನೋಡಬೇಕಿತ್ತು.

ಆ ಗಾಜಿನ ಮುಂದೆ ನಿಲ್ಲುವ ಅಧಿಕಾರ ಇದ್ದದ್ದು ಅಜ್ಜಿಗೆ ಮಾತ್ರ. ಅಜ್ಜಿಯ ಹೆಸರು ತಾಯಮ್ಮ. ತಾತ ಸತ್ತಾಗ ನನ್ನ ಅಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದ, ಚಿಕ್ಕಪ್ಪ ಮಾದೇವ ಕೈಕೂಸು. ಸೊಪ್ಪು ಬೇಯಿಸುವುದು ಗಂಡಸರ ಕೆಲಸ, ಹೆಂಗಸು ಬೇಯಿಸಿದರೆ ಬ್ಯಾರನ್ನೇ ಹತ್ತಿಕೊಂಡು ಉರಿದೀತು ಎಂದು ಊರವರು ಆಡಿಕೊಂಡರಂತೆ. ಅಜ್ಜಿ ಸೆರಗು ಬಿಗಿದು ಒಲೆಯ ಮುಂದೆ ಕೂತಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅಕ್ಕಪಕ್ಕದ ಊರಿನ ಗಂಡಸರೇ ಬಂದು, "ತಾಯಮ್ಮ, ನಮ್ಮ ಸೊಪ್ಪು ಎಲೆ ಅಂಚಲ್ಲಿ ಇನ್ನೂ ಹಸ್ರು ಬುಟ್ಟಿಲ್ಲ, ಸೌದೆ ಎಳಿಯಾನ ಅಂತೀರ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಸೊಪ್ಪು ಹಳದಿಯಾಗುವ ಮೊದಲೇ ಶಾಖ ಏರಿದರೆ ಅದು ಹಸಿರಾಗಿಯೇ ಒಣಗಿಬಿಡುತ್ತದೆ. ಹಳದಿಯಾದ ಮೇಲೆ ಶಾಖ ಏರದಿದ್ದರೆ ಕಪ್ಪಗಾಗುತ್ತದೆ. ಇವೆರಡರ ನಡುವೆ ದಾರಿ ಹಿಡಿದು ಹೋಗುವುದೇ ಬೇಯಿಸುವವರ ಕೆಲಸ. ಒಲೆ ಹಚ್ಚಿದ ಮೇಲೆ ಸೊಪ್ಪು ಇಳಿಸುವವರೆಗೆ ಅಜ್ಜಿ ಹಿತ್ತಿಲಿನಲ್ಲೇ ಇರುತ್ತಿದ್ದಳು. ಅಲ್ಲೇ ಗೋಡೆಗೆ ಒರಗಿ ಒಂದು ಕೋಳಿನಿದ್ದೆ, ಅಲ್ಲೇ ಊಟ. ಮೊದಲ ಒಲೆ ಹಚ್ಚುವ ದಿನ ಒಲೆ ಬಾಯಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದಳು: "ಒಲೆ ಆರೋಗಂಟ ಯಾರೂ ಜಗಳ ಆಡಂಗಿಲ್ಲ." ಆದರೆ ಆ ದಿನಗಳಲ್ಲೇ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳ ಆಗುತ್ತಿತ್ತು. ಯಾರಿಗೂ ಸರಿಯಾದ ನಿದ್ದೆ ಇರುತ್ತಿರಲಿಲ್ಲ.

ನನ್ನ ಅಮ್ಮ ರತ್ನ ಕೆ.ಆರ್. ನಗರದವಳು. ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಫಲಿತಾಂಶ ಬಂದ ವರ್ಷವೇ ಮದುವೆಯಾಗಿ ಬಂದವಳು. ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಸೋಲ್ಡರಿಂಗ್ ಕಡ್ಡಿ, ಸೀಸದ ತಂತಿಯ ಸುರುಳಿ, ಒಂದು ಮೀಟರು, ಬಿಸ್ಕತ್ತಿನ ಡಬ್ಬದ ತುಂಬ ಬಣ್ಣದ ಗೆರೆಗಳ ಪುಟ್ಟ ಪುಟ್ಟ ಬಿಡಿಭಾಗಗಳು ಇದ್ದವು. ಮಧ್ಯಾಹ್ನ ಮುದ್ದೆ ತೊಳಸಿ, ಉಪ್ಸಾರು ಇಳಿಸಿ, ಗದ್ದೆ ಹೊಲದವರಿಗೆಲ್ಲ ಬಡಿಸಿ ಆದ ಮೇಲೆ ಅವಳು ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಊರವರ ಕೆಟ್ಟ ರೇಡಿಯೋ, ಟೇಪ್‌ರೆಕಾರ್ಡರುಗಳನ್ನು ಬಿಚ್ಚಿಕೊಂಡು ಕೂರುತ್ತಿದ್ದಳು. ಅಜ್ಜಿಗೆ ಅದು ಹಿಡಿಸುತ್ತಿರಲಿಲ್ಲ. ಬಯ್ಯುತ್ತಲೂ ಇರಲಿಲ್ಲ. ದಾಟಿಕೊಂಡು ಹೋಗುವಾಗ, "ಅಕ್ಕಿ ಆರ್ಸೋಕೆ ಬುಡುವಿಲ್ಲ, ಇದಕ್ಕೆ ಬುಡುವದೆ" ಎಂದು ಗೋಡೆಗೆ ಹೇಳಿ ಹೋಗುತ್ತಿದ್ದಳು. ಅಮ್ಮ ತಲೆ ಎತ್ತುತ್ತಿರಲಿಲ್ಲ. ಅವರಿಬ್ಬರ ನಡುವೆ ಪ್ರೀತಿ ಇತ್ತೋ ಇಲ್ಲವೋ ಆಗ ನನಗೆ ತಿಳಿಯುತ್ತಿರಲಿಲ್ಲ. ಅಮ್ಮ 'ಅತ್ತೆ, ಊಟಕ್ಕೆ ಬನ್ನಿ' ಎನ್ನುವಳು, ಅಜ್ಜಿ ಬರುವಳು. ಅಷ್ಟೇ.

ಬೇಕಾದ ಬಿಡಿಭಾಗಗಳನ್ನು ಅಮ್ಮ ಹುಣಸೂರಿನ ರೇಡಿಯೋ ರಿಪೇರಿ ಅಂಗಡಿಯ ಅನ್ವರ್ ಸಾಬ್ರಿಂದ ತರುತ್ತಿದ್ದಳು. ಒಂದು ಸಲ ನಾನೂ ಜೊತೆಗಿದ್ದೆ. ಸಾಬ್ರು ಮೇಜಿನ ಕೆಳಗಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಕಾಲಲ್ಲಿ ತಳ್ಳಿ ಈಚೆಗೆ ತಂದರು.

"ಪ್ಯಾಟೇಲಿ ಕಂಪ್ಯೂಟರ್ ಕ್ಲಾಸು ಅಂತ ಒಬ್ರು ಮಾಡಿದ್ರಲ್ಲ, ಮುಚ್ಚಿಬಿಟ್ರು. ಅವರ ಸಾಮಾನು. ನಂಗೆ ಇದ್ರ ತಲೆ ಬುಡ ಗೊತ್ತಾಗಲ್ಲಮ್ಮ. ನಿಮಗೆ ಬೇಕಿದ್ರೆ ಒಂದು ತಗೊಂಡೋಗಿ, ನೋಡಿ."

ಕಪ್ಪಗಿತ್ತು. ನಮ್ಮ ಊಟದ ತಟ್ಟೆಗಿಂತ ದೊಡ್ಡದೇನಲ್ಲ. ರಬ್ಬರಿನ ಗುಂಡಿಗಳು, ಒತ್ತಿದರೆ ಬೇಯಿಸಿದ ಕಡಲೆಕಾಯಿ ಒತ್ತಿದ ಹಾಗೆ. ಕಂಪ್ಯೂಟರ್ ಎಂದರೆ ಇಡೀ ಕೋಣೆ ತುಂಬುವಂಥದ್ದು ಎಂದು ನಮ್ಮ ಮೇಷ್ಟ್ರು ಹೇಳಿದ್ದರಿಂದ ನಾನು ಅದನ್ನು ನಂಬಲಿಲ್ಲ. ಮನೆಗೆ ತಂದು ಅಮ್ಮ ಬಿಚ್ಚಿದಳು. ಒಳಗೆ ಒಡೆದಿದ್ದ ಒಂದೆರಡು ಭಾಗ ಬದಲಾಯಿಸಿದಳು. ಅದಕ್ಕೆ ತನ್ನದೇ ಪರದೆ ಇರಲಿಲ್ಲ, ಟೀವಿಗೆ ಜೋಡಿಸಬೇಕು. ಏನನ್ನೂ ನೆನಪಿಟ್ಟುಕೊಳ್ಳುತ್ತಲೂ ಇರಲಿಲ್ಲ. ಕರೆಂಟು ಹೋದರೆ ಕಲಿತದ್ದೆಲ್ಲ ಮರೆತು ಹೋಗುತ್ತಿತ್ತು, ಮತ್ತೆ ಟೇಪ್‌ರೆಕಾರ್ಡರಿನಿಂದ ಕ್ಯಾಸೆಟ್ ಓಡಿಸಿ ಹೇಳಿಕೊಡಬೇಕು. ಆ ಕ್ಯಾಸೆಟ್ಟಿನಿಂದ ಬರುತ್ತಿದ್ದ ಕೀರಲು ಸದ್ದಿಗೆ ಕೊಟ್ಟಿಗೆಯ ಹಸು ಕಿವಿ ನಿಮಿರಿಸುತ್ತಿತ್ತು. "ಯಾರನ್ನ ಹಿಡ್ಕಂಡು ಹೊಡೀತಾವ್ಳೆ ನೋಡಮ್ಮಿ" ಎಂದು ಅಜ್ಜಿ ಮೊದಲ ದಿನ ನನ್ನನ್ನು ಅಟ್ಟಿದ್ದಳು. ನಡುಮನೆಯ ಕಪ್ಪು ಬಿಳುಪು ಟೀವಿಗಾಗಿ ಚಿಕ್ಕಪ್ಪನಿಗೂ ಅಮ್ಮನಿಗೂ ದಿನಾ ಕಿತ್ತಾಟ. ಚಿಕ್ಕಪ್ಪನಿಗೆ ಕ್ರಿಕೆಟ್ಟೆಂದರೆ ಪ್ರಾಣ. ಕೊನೆಗೆ ಅಪ್ಪ, ಮ್ಯಾಚ್ ಇದ್ದರೆ ಮಾದೇವ, ಇಲ್ಲದಿದ್ದರೆ ರತ್ನ ಎಂದು ತೀರ್ಪು ಕೊಟ್ಟು ಹೊಲಕ್ಕೆ ಹೋದ. ಅಪ್ಪನ ತೀರ್ಪುಗಳೆಲ್ಲ ಹೊಲಕ್ಕೆ ಹೊರಡುವಾಗಲೇ ಬರುತ್ತಿದ್ದವು.

ಆ ಯಂತ್ರ ಈಗ ಪಿರಿಯಾಪಟ್ಟಣದ ನನ್ನ ಮನೆಯಲ್ಲಿದೆ. ಅಂಥವೇ ಇನ್ನೂ ಕೆಲವನ್ನು ಗುಜರಿಯಿಂದ, ಗೆಳೆಯರಿಂದ ಸಂಪಾದಿಸಿ ಕಪಾಟಿನಲ್ಲಿಟ್ಟಿದ್ದೇನೆ. ಭಾನುವಾರಗಳು ಅವುಗಳ ಜೊತೆಯೇ ಕಳೆಯುತ್ತವೆ. ಒಂದಕ್ಕೆ ಮಳೆ ಅಳೆಯುವುದನ್ನು ಜೋಡಿಸಿದ್ದೇನೆ, ಇನ್ನೊಂದು ತೊಟ್ಟಿಯಲ್ಲಿ ನೀರು ಎಷ್ಟಿದೆ ಎಂದು ಹೇಳುತ್ತದೆ. ಗುಂಡಿಗಳ ಕೆಳಗಿನ ತೆಳು ಹಾಳೆ ಮುಟ್ಟಿದರೆ ಮುರಿಯುವಷ್ಟು ಒಣಗಿತ್ತು, ಹೊಸದು ಹಾಕಿದೆ. ಟೇಪ್‌ರೆಕಾರ್ಡರಿನ ಬೆಲ್ಟು ಕರಗಿ ಅಂಟಾಗಿತ್ತು. ಈಗ ಅದೇ ಕೀರಲು ಸದ್ದನ್ನು ಮೊಬೈಲಿನಿಂದ ಕೇಳಿಸುತ್ತೇನೆ, ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಈ ಹುಚ್ಚು ಹೇಗೆ ಹತ್ತಿತೆಂದು ಮಗಳು ಕೇಳುತ್ತಿರುತ್ತಾಳೆ. ಹತ್ತಿದ್ದು ನನಗೆ ಹನ್ನೊಂದು ತುಂಬಿದ ವರ್ಷದ ಮಳೆಗಾಲದಲ್ಲಿ, ಒಂದು ಬ್ಯಾರನ್ ಸೊಪ್ಪು ಕೆಟ್ಟ ಮೇಲೆ.

ಅದು ಆ ವರ್ಷದ ಮೊದಲ ಬ್ಯಾರನ್ನು, ಅಂದರೆ ಒಲೆ ಹಚ್ಚಿ ಬೇಯಿಸಿದ ಮೊದಲ ಕಂತು. ಬಾಗಿಲು ತೆಗೆದಾಗ ಸೊಪ್ಪು ಹಸಿರಾಗಿಯೇ ಒಣಗಿತ್ತು. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೇ ಬಣ್ಣ. ಅಜ್ಜಿ ಒಂದು ಎಲೆಯನ್ನು ಕೈಯಲ್ಲಿ ಪುಡಿ ಮಾಡಿ, ಮೂಸಿ ನೋಡಿ, ಬಾವಿಕಟ್ಟೆಗೆ ಹೋಗಿ ಕೂತಳು. ಅಂಥದ್ದು ಹಿಂದೆಂದೂ ಆಗಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಚಿಕ್ಕಪ್ಪ ಅಪ್ಪನ ಕಡೆ ನೋಡದೆ ಹೇಳಿದ:

"ಅವ್ವನಿಗೆ ವಯಸ್ಸಾಯ್ತು ಕಣಣ್ಣ. ಎಚ್.ಡಿ. ಕೋಟೆ ಕಡೆ ಒಬ್ಬ ಅವ್ನಂತೆ, ಸೊಪ್ಪು ಬೇಯ್ಸೋದ್ರಲ್ಲಿ ಪಳಗಿದೋನು. ಕರ್ಸಾನ."

"ಮುಂದಿನ ಒಲೆ ನೋಡಾನ" ಎಂದ ಅಪ್ಪ.

ಅಜ್ಜಿ ತನ್ನ ಕೋಣೆಯ ಬಾಗಿಲಲ್ಲೇ ಕೂತಿದ್ದಳು. ಕೇಳಿಸಿತ್ತು. ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಲಿಲ್ಲ.

ಮಾರನೇ ದಿನ ಅಮ್ಮ ಹಿತ್ತಿಲಲ್ಲಿ ಅಜ್ಜಿಯ ತಲೆಗೆ ಹರಳೆಣ್ಣೆ ಹಚ್ಚುತ್ತಿದ್ದಳು. ನಾನು ಸ್ವಲ್ಪ ಆಚೆ ಸೀಗೆಪುಡಿ ಕಲಸುತ್ತಿದ್ದೆ. ಅಮ್ಮ ದನಿ ತಗ್ಗಿಸಿ ಕೇಳಿದ್ದು ನನಗೂ ಕೇಳಿಸಿತು.

"ಅತ್ತೆ, ಆ ಗಾಜಿನೊಳಗಿನ ಗೆರೆ ನಿಮಗೆ ಕಾಣ್ತಿಲ್ಲ ಅಲ್ವಾ?"

ಅಜ್ಜಿ ತಲೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಎದ್ದಳು. ಎಣ್ಣೆಬಟ್ಟಲು ಉರುಳಿತು.

"ಯಾರೇ ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ. ತಟ್ಟೆ ಅಂಚು ತಡವಿ ಆಮೇಲೆ ಕೈ ಹಾಕ್ತೀರಿ. ಅಕ್ಕಿ ಆರಿಸೋದು ನಿಲ್ಸಿ ಎಷ್ಟು ದಿನ ಆಯ್ತು? ಒಳಗೆ ಬರುವಾಗ ಹೊಸಿಲು ಕಾಲಲ್ಲಿ ಹುಡುಕ್ತೀರಿ. ನಾನೂ ಇದೇ ಮನೇಲಿ ಇದ್ದೀನಲ್ಲ ಅತ್ತೆ."

ಅಜ್ಜಿ ಎಣ್ಣೆತಲೆಯಲ್ಲೇ ಕೋಣೆಗೆ ಹೋದಳು. ಆಮೇಲೆ ಕೆಲವು ದಿನ ಅಮ್ಮ ಬಡಿಸಿದ ಊಟ ಮುಟ್ಟಲಿಲ್ಲ. ನನ್ನ ಕೈಯಲ್ಲಿ ತಟ್ಟೆ ಕಳಿಸಿದರೆ ತಿನ್ನುತ್ತಿದ್ದಳು. ಮನೆಯವರಿಗೆ ಇದು ಅತ್ತೆ ಸೊಸೆಯರ ಮಾಮೂಲು ಮುನಿಸಿನ ಹಾಗೆ ಕಂಡಿತು. ಎರಡನೇ ಬ್ಯಾರನ್ನಿಗೆ ಸೊಪ್ಪು ಮುರಿಯಲು ಇನ್ನೂ ಕೆಲವು ದಿನ ಇರುವಾಗ ಒಂದು ಸಂಜೆ, ಅಮ್ಮ ಕಾಫಿ ಸೋಸುತ್ತಿದ್ದಾಗ ಅಜ್ಜಿ ತಾನಾಗಿಯೇ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತಳು.

"ಕಾಣಕಿಲ್ಲ" ಎಂದಳು. "ಮಂಜು ಕವ್ಕಂಡಂಗೆ ಅದೆ. ಗಂಡ್‌ಮಕ್ಳಿಗೆ ಹೇಳಿದ್ಯಾ?"

"ಇಲ್ಲ. ಡಾಕ್ಟ್ರಿಗೆ ತೋರ್ಸಾನ ಅತ್ತೆ. ಮೈಸೂರಲ್ಲಿ ಸರಿ ಮಾಡ್ತಾರೆ."

"ನಮ್ಮಕ್ಕನ ಕಣ್ಣಿಗೆ ಕತ್ತರಿ ಹಾಕಿ ಇದ್ದದ್ದೂ ಹೋಯ್ತು. ನಾ ಬರಕಿಲ್ಲ. ಈ ವರ್ಸದ ಸೊಪ್ಪು ಆಗ್ಲಿ. ಅದಕ್ಮುಂಚೆ ಆ ಒಲೆ ಮುಂದೆ ಇನ್ಯಾವನೋ ಬಂದು ಕುಂತ್ರೆ ನನ್ನ ಈ ಹಟ್ಟೀಲಿ ಯಾಕೆ ಮಡಗಿದ್ದೀರಿ?"

ಅಮ್ಮ ಕಾಫಿ ಲೋಟವನ್ನು ಅಜ್ಜಿಯ ಕೈಗೇ ಹಿಡಿಸಿದಳು. ಆಮೇಲೆ ಕೇಳಿದಳು:

"ಕಾಣದಿದ್ರೂ ಕೇಳಿಸ್ಕೋಬಹುದು. ಶಾಖ ಎಷ್ಟಿದೆ ಅಂತ ಕಿವಿಗೆ ಕೇಳೋ ಹಂಗೆ ಮಾಡಿದ್ರೆ ಆಗುತ್ತಾ ಅತ್ತೆ?"

"ಆ ಅರ್ಚೋ ಪೆಟ್ಟಿಗೇಲಾ?"

"ಅದರಲ್ಲೇ."

ಅಜ್ಜಿ ಕಾಫಿ ಮುಗಿಸಿ, "ಮಾಡು ನೋಡಾನ" ಎಂದು ಎದ್ದಳು. ನನ್ನ ಕಡೆ ತಿರುಗಿ, "ನೀನು ಬಾಯ್ ಬುಟ್ರೆ ನೋಡು" ಎಂದಳು. ನಾನು ಕಂಬದ ಪಕ್ಕ ನಿಂತದ್ದು ಅವಳಿಗೆ ಹೇಗೆ ಗೊತ್ತಾಯಿತೋ.

ಮುಂದಿನದನ್ನೆಲ್ಲ ನಾನು ಹತ್ತಿರದಿಂದ ನೋಡಿದೆ. ಬಿಸಿ ತಗುಲಿದರೆ ತನ್ನ ಗುಣ ಬದಲಾಯಿಸುವ, ಮೆಣಸಿನ ಕಾಳಿನಷ್ಟು ಚಿಕ್ಕದೊಂದು ವಸ್ತುವನ್ನು ಅಮ್ಮ ಸಾಬ್ರ ಅಂಗಡಿಯಿಂದ ತಂದಳು. ಅದಕ್ಕೊಂದು ಪುಟ್ಟ ಸರ್ಕ್ಯೂಟು ಕಟ್ಟಿ ಸೋಪಿನ ಡಬ್ಬಿಯಲ್ಲಿಟ್ಟಳು. ಗಡಿಯಾರದ ಹಾಗೆ ಅದು ಟಿಕ್ ಟಿಕ್ ಎನ್ನುತ್ತಿತ್ತು, ಶಾಖ ಏರಿದಷ್ಟೂ ಬೇಗ ಬೇಗ ಬಡಿದುಕೊಳ್ಳುತ್ತಿತ್ತು. ಆ ಬಡಿತವನ್ನು, ಕ್ಯಾಸೆಟ್ಟಿನ ಸದ್ದು ಹೋಗುವ ತೂತಿನಿಂದಲೇ ಕಂಪ್ಯೂಟರಿನೊಳಕ್ಕೆ ಬಿಟ್ಟಳು. ಅದು ಬಡಿತ ಎಣಿಸಿ ಶಾಖ ಎಷ್ಟೆಂದು ಹೇಳಬೇಕು. ಆದರೆ ಯಾವ ಬಡಿತಕ್ಕೆ ಎಷ್ಟು ಶಾಖ ಎಂದು ಮೊದಲು ನಾವು ಅದಕ್ಕೆ ಕಲಿಸಬೇಕಿತ್ತು. ಇಡೀ ಒಂದು ಮಧ್ಯಾಹ್ನ ಒಲೆಯ ಮೇಲೆ ಹಿತ್ತಾಳೆ ಚೊಂಬಿನಲ್ಲಿ ನೀರು ಕಾಯಿಸಿದೆವು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆ ಕಾಳನ್ನೂ ಬ್ಯಾರನ್ನಿನ ಥರ್ಮಾಮೀಟರನ್ನೂ ಅದರಲ್ಲಿ ಇಳಿಬಿಟ್ಟಿದ್ದೆವು. ನಾನು ಗೆರೆ ಓದಿ ಕೂಗಿ ಹೇಳುವುದು, ನಡುಮನೆಯಿಂದ ಅಮ್ಮ ಬಡಿತ ಬರೆದುಕೊಳ್ಳುವುದು. ಸಾರಿಗೆ ಬೇಳೆ ಇಡಲು ಒಲೆ ಬಿಡಿರೆಂದು ಅಪ್ಪ ಎರಡು ಸಲ ಬಂದು ಕೇಳಿ ಹೋದ. ಅವತ್ತು ಎಲ್ಲರೂ ಮಜ್ಜಿಗೆ ಅನ್ನ ಉಂಡರು.

ಮೊದಲ ಪ್ರಯತ್ನ ಕೆಟ್ಟಿತು. ಬ್ಯಾರನ್ನಿನೊಳಗೆ ಎಳೆದ ವೈರು ಬಿಸಿಗೆ ಮೆತ್ತಗಾಗಿ ಕೊಳವೆಯ ಮೇಲೆ ಬಿದ್ದು ಸುಟ್ಟುಹೋಯಿತು. ಅಮ್ಮ ಹಳೇ ಇಸ್ತ್ರಿಪೆಟ್ಟಿಗೆಯ ನೂಲು ಹೊದಿಸಿದ ವೈರನ್ನು ಕಿತ್ತು ಹಾಕಿದಳು, ಅದು ತಡೆಯಿತು. ಬಟ್ಟೆ ಒಣಹಾಕುವ ತಂತಿಯ ಮೇಲೆ ಹಾಯಿಸಿ ನಡುಮನೆಗೆ ತಂದಳು. ಅಲ್ಲಿಂದ ಇನ್ನೊಂದು ವೈರು ವಾಪಸು ಒಲೆಯ ಬಳಿಗೆ, ಹಳೇ ರೇಡಿಯೋ ಒಂದರ ಸ್ಪೀಕರಿಗೆ. ಹತ್ತಕ್ಕೆ ಒಂದು ದಪ್ಪ ದನಿ, ಬಿಡಿಗೆ ಒಂದು ಸಣ್ಣ ದನಿ, ಹೀಗೆ ಕೂಗಿಸಿ ಶಾಖವನ್ನು ಹೇಳಿಸುವುದು ಅಮ್ಮನ ಯೋಚನೆ. ಅಜ್ಜಿ ಒಂದು ಸಲ ಪೂರ್ತಿ ಕೇಳಿಸಿಕೊಂಡಳು. ಬೆರಳ ಗಿಣ್ಣು ಎಣಿಸುತ್ತಾ ಎಣಿಸುತ್ತಾ ತಪ್ಪಿಸಿಕೊಂಡಳು.

"ಇಷ್ಟೊಂದು ಯಾಕೆ ಅರಚ್ತದೆ? ನಂಗೆ ಎಷ್ಟದೆ ಅಂತ ಬ್ಯಾಡ ಕಣೆ. ಎಷ್ಟು ಬೇಕು ಅಂತ ನಂಗೆ ಗೊತ್ತು. ಅದಕ್ಕಿಂತ ಮ್ಯಾಲೋ ಕೆಳಗೋ, ಅದೊಂದು ಹೇಳ್ಸು ಸಾಕು."

ಅಮ್ಮ ನಕ್ಕದ್ದು ನಾನು ನೋಡಿದೆ. ಅದಕ್ಕೆ ಮೊದಲು ಅತ್ತೆಯ ಮುಂದೆ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಅವತ್ತೇ ಕೂತು ಬರೆದದ್ದನ್ನೆಲ್ಲ ಅಳಿಸಿ ಬದಲಾಯಿಸಿದಳು. ಅಜ್ಜಿ ತನಗೆ ಬೇಕಾದ ಶಾಖ ಹೇಳುವುದು, ಅಮ್ಮ ಅದನ್ನು ಕಂಪ್ಯೂಟರಿಗೆ ತಿಳಿಸುವುದು. ಅಷ್ಟೇ ಇದ್ದರೆ ಒಂದು ಮೆಲುದನಿ. ಹೆಚ್ಚಾದರೆ ಸಣ್ಣ ದನಿಯ ಕೂಗು, ಕಡಿಮೆಯಾದರೆ ದಪ್ಪ ದನಿಯದು. ಎಷ್ಟು ಹೆಚ್ಚು ಕಡಿಮೆಯೋ ಅಷ್ಟು ಸಲ. ಇದಾದ ಮೇಲೆ ಅಜ್ಜಿಗೆ ಅಭ್ಯಾಸವಾಗಲು ಹೊತ್ತು ಹಿಡಿಯಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ, "ಎಲ್ಡು ಸೌದೆ ಈಚೆಗೆ ಎಳಿಯೋ" ಎಂದು ಆಳಿಗೆ ಹೇಳುತ್ತಿದ್ದಳು. ಮನೆಯವರಿಗೆ ಇದು ಅಮ್ಮನ ಇನ್ನೊಂದು ಹುಚ್ಚಾಟ. "ಅತ್ತಿಗೆ ಒಲೆಗೂ ಹಾಡು ಹೇಳಿಸ್ತಾವ್ರೆ" ಎಂದು ಚಿಕ್ಕಪ್ಪ ಊರೆಲ್ಲ ನಗಾಡಿಕೊಂಡು ಬಂದ. ಅಜ್ಜಿಯೂ ಅವನ ಜೊತೆ ಸೇರಿಕೊಂಡು, "ಅವಳ ಸಂತೋಸಕ್ಕೆ ಮಡಗಿವ್ನಿ ಬುಡು" ಎನ್ನುತ್ತಿದ್ದಳು. ಅಮ್ಮ ಕರೆಂಟು ಹೋದಾಗಲೆಲ್ಲ ಏನೋ ನೆಪ ಮಾಡಿಕೊಂಡು ಬ್ಯಾರನ್ನಿಗೆ ಹೋಗಿ ತಾನೇ ಗಾಜಿನಲ್ಲಿ ನೋಡಿ ಅಜ್ಜಿಯ ಕಿವಿಯಲ್ಲಿ ಹೇಳಿ ಬರುತ್ತಿದ್ದಳು. ಎರಡನೇ ಬ್ಯಾರನ್ನು ಚೆನ್ನಾಗಿ ಬಂತು. ಮೂರನೆಯದೂ. ಕೋಟೆಯವನನ್ನು ಕರೆಸುವ ಮಾತು ಅಲ್ಲಿಗೆ ನಿಂತಿತು.

ನಾಲ್ಕನೆಯ ಬ್ಯಾರನ್ನು ನಡೆಯುತ್ತಿದ್ದಾಗ ಕೆ.ಆರ್. ನಗರದಲ್ಲಿ ಅಮ್ಮನ ತಂಗಿಗೆ ಹೆರಿಗೆಯಾಯಿತು. ಅಮ್ಮ ಬೆಳಿಗ್ಗೆಯೇ ಬಸ್ಸು ಹತ್ತಿದಳು, ಸಂಜೆಗೆ ಬರುವುದೆಂದು ಮಾತು. ಆ ದಿನಕ್ಕೆ ಅಜ್ಜಿ ಹೇಳಿದ ಶಾಖವನ್ನು ಕಂಪ್ಯೂಟರಿಗೆ ತಿಳಿಸಿ, ಒಮ್ಮೆ ಕಲಿಸಿದ ಮೇಲೆ ಅದಕ್ಕೆ ಪರದೆ ಬೇಡದ್ದರಿಂದ ಟೀವಿಯ ವೈರು ಬಿಚ್ಚಿಟ್ಟು, ಅದನ್ನು ಕುಕ್ಕೆಯ ಕೆಳಗೆ ಮುಚ್ಚಿಟ್ಟು, ಯಾರೂ ಮುಟ್ಟಬಾರದೆಂದು ಹೇಳಿ ಹೋಗಿದ್ದಳು. ಅವತ್ತು ಶನಿವಾರ, ಮ್ಯಾಚಿತ್ತು. ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ನಡುಮನೆಯ ತುಂಬ ಚಿಕ್ಕಪ್ಪನ ಗೆಳೆಯರು. ಚಿತ್ರ ಸರಿಯಾಗಿ ಬರುತ್ತಿಲ್ಲವೆಂದು ಚಿಕ್ಕಪ್ಪ ಆಂಟೆನಾದ ಬೂಸ್ಟರ್ ಹಾಕಲು ಜಾಗ ಹುಡುಕಿ, ಪ್ಲಗ್ಗಿನ ಹಲಗೆಯಲ್ಲಿದ್ದ ಕರಿ ಡಬ್ಬವೊಂದನ್ನು ಕಿತ್ತು ಇದನ್ನು ಚುಚ್ಚಿದ್ದ. ಕೀಟಲೆಗೆ ಮಾಡಿದ್ದಲ್ಲ. ಅದು ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬ ಎಂದು ಅವನಿಗೆ ಗೊತ್ತಿರಲಿಲ್ಲ. ಚಿತ್ರ ತಿಳಿಯಾಯಿತು, ಎಲ್ಲರೂ ಕೂತರು. ಹಿತ್ತಿಲಿನ ಸ್ಪೀಕರು ಸುಮ್ಮನಾಯಿತು.

ಸೊಪ್ಪು ಆಗಷ್ಟೇ ಹಳದಿಗೆ ತಿರುಗುತ್ತಿತ್ತು. ಒಲೆಗೆ ಹೊಸದಾಗಿ ಸೌದೆ ತುಂಬಿ ಆಳು ಊಟಕ್ಕೆ ಹೋಗಿದ್ದ. ಅಪ್ಪ ಹೊಲದಲ್ಲಿ. ಅಜ್ಜಿ ಹಿತ್ತಿಲಿಂದ ಕೂಗಿದ್ದಾಳೆ. ಟೀವಿಯ ಗದ್ದಲದಲ್ಲಿ ಯಾರಿಗೂ ಕೇಳಿಸಿಲ್ಲ. ನಾನು ಶಾಲೆಯ ಚೀಲ ಇಳಿಸುತ್ತಿರುವಾಗ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಜ್ಜಿ ನಡುಮನೆಗೆ ಬಂದಳು. ಒಲೆ ಉರಿಯುತ್ತಿರುವಾಗ ಅವಳು ಒಳಗೆ ಬಂದದ್ದನ್ನು ನಾನು ಕಂಡಿರಲಿಲ್ಲ.

"ಮಾದೇವ, ಆ ಪೆಟ್ಟಿಗೆ ನಿಂತೋಗದೆ. ಹಾಕು ಅದನ್ನ."

"ಅತ್ತಿಗೆ ಬತ್ತಾರೆ ಬುಡವ್ವ, ಬಂದು ಹಾಕ್ತಾರೆ. ಗಾಜಲ್ಲಿ ನೋಡ್ಕೊ. ಇಷ್ಟು ವರ್ಸ ನೋಡ್ತಿರ್ನಿಲ್ವಾ?"

ಅಜ್ಜಿ ಒಂದು ಕ್ಷಣ ನಿಂತಳು. ಆ ಗುಂಪಿನಲ್ಲಿದ್ದವರಲ್ಲಿ ಹೆಚ್ಚಿನವರು, ಹೆಂಗಸು ಸೊಪ್ಪು ಬೇಯಿಸಬಾರದು ಎಂದವರ ಮಕ್ಕಳು, ಮೊಮ್ಮಕ್ಕಳು. ಅವರ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಅವರು ಯಾರೆಂದು ದನಿಯಿಂದಲೇ ಗೊತ್ತಿರಬೇಕು.

"ಕಾಣಕಿಲ್ಲ ಕಣ್ಲಾ."

"ಏನು ಕಾಣಕಿಲ್ಲ?"

"ಗಾಜೂ ಕಾಣಕಿಲ್ಲ, ಗೆರೆನೂ ಕಾಣಕಿಲ್ಲ. ನಿನ್ನ ಮೊಕನೇ ಸರ್ಯಾಗಿ ಕಾಣಕಿಲ್ಲ. ನಿನ್ನತ್ತಿಗೆ ಆ ಪೆಟ್ಟಿಗೆ ಮಾಡಿದ್ದು ಆಟಕ್ಕಲ್ಲ, ನಂಗೆ. ಎದ್ ಬಾ, ಸೊಪ್ಪು ಹಾಳಾಯ್ತದೆ."

ಯಾರೋ ಟೀವಿಯ ದನಿ ಕಡಿಮೆ ಮಾಡಿದರು. ಚಿಕ್ಕಪ್ಪ ಎದ್ದು ಓಡಿದ. ನಾನು ಕುಕ್ಕೆ ಎತ್ತಿ, ಕರಿ ಡಬ್ಬವನ್ನು ಮತ್ತೆ ಚುಚ್ಚಿ, ಟೀವಿಗೆ ವೈರು ಸಿಕ್ಕಿಸಿ, ಅಮ್ಮ ಮಾಡುವ ಹಾಗೆಯೇ ಕ್ಯಾಸೆಟ್ಟು ಹಾಕಿದೆ. ಅದು ಕೀರಿತು, ಪರದೆಯ ಅಂಚಿನಲ್ಲಿ ಪಟ್ಟೆಗಳು ಓಡಿದವು, ಕೊನೆಯಲ್ಲಿ ತಪ್ಪಾಗಿದೆ ಎಂದು ಬಂತು. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಮತ್ತೆ ತಪ್ಪು. ಮ್ಯಾಚ್ ನೋಡಲು ಬಂದಿದ್ದವರೆಲ್ಲ ನನ್ನ ಹಿಂದೆ ನಿಂತು ಆ ಪಟ್ಟೆಗಳನ್ನು ನೋಡುತ್ತಿದ್ದರು. ಎಷ್ಟು ಸಲ ಹಾಕಿದರೂ ಅದು ಒಪ್ಪಲಿಲ್ಲ. ಅಳು ಬಂತು. ಬಿಟ್ಟು ಹಿತ್ತಿಲಿಗೆ ಹೋದೆ.

ಅಲ್ಲಿ ಚಿಕ್ಕಪ್ಪ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಅಜ್ಜಿ ತನ್ನ ಜಾಗದಲ್ಲಿ ಕೂತಿದ್ದಳು.

"ಏರ್ತಾ ಅದೆ ಕಣವ್ವ. ನೂರು ದಾಟ್ತು."

"ಸೌದೆ ಎಳಿ. ಎಲ್ಲಾನೂ ಎಳೀಬ್ಯಾಡ, ದಪ್ಪನವು ಎಲ್ಡು ಬುಡು. ಮ್ಯಾಲಿನ ಕಿಂಡಿ ವಸಿ ತಗಿ. ಈಗ?"

"ನಿಂತದೆ."

"ಎಲೆ ಎಂಗದೆ? ನರದ ಪಕ್ಕ ನೋಡು."

"ಅಂಚೆಲ್ಲ ಅರಿಸ್ನದಂಗೆ ಆಗದೆ. ನರದತ್ರ ಇನ್ನೂ ಹಸ್ರು."

"ಅಂಗಾದ್ರೆ ಕಾಯಬೇಕು. ಕುಂತ್ಕೊ."

ಅವನು ಕೂತ. ಸಂಜೆಯವರೆಗೂ ಅವನು ನೋಡಿ ಹೇಳುವುದು, ಅವಳು ಮಾಡಿಸುವುದು ನಡೆಯಿತು. ಮ್ಯಾಚ್ ಏನಾಯಿತೆಂದು ಅವನು ಕೇಳಲೂ ಇಲ್ಲ. ಅಷ್ಟು ವರ್ಷ ಅದೇ ಮನೆಯಲ್ಲಿದ್ದೂ ಚಿಕ್ಕಪ್ಪ ಸೊಪ್ಪು ಹಳದಿಯಾಗುವುದನ್ನು ನಿಂತು ನೋಡಿದ್ದು ಅದೇ ಮೊದಲು. ಊರೊಳಗೆ ಸುದ್ದಿ ಹಬ್ಬಿ ಒಬ್ಬಿಬ್ಬರು ಹಿತ್ತಿಲ ಬೇಲಿಯ ಬಳಿ ಬಂದು ನಿಂತು ಹೋದರು. ಅಪ್ಪ ಹೊಲದಿಂದ ಬಂದು ಎಲ್ಲ ಕೇಳಿ, ಅವ್ವನ ಪಕ್ಕ ಸ್ವಲ್ಪ ಹೊತ್ತು ಕೂತಿದ್ದು, ಕೈಕಾಲು ತೊಳೆಯಲು ಹೋದ.

ಅಮ್ಮ ಸಂಜೆಯ ಬಸ್ಸಿನಲ್ಲಿ ಬಂದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಮೊದಲು ಹಿತ್ತಿಲಿಗೆ ಹೋಗಿ ಅಜ್ಜಿಯನ್ನು ನೋಡಿದಳು. ಆಮೇಲೆ ಬಂದು ಟೇಪ್‌ರೆಕಾರ್ಡರನ್ನು ಕೈಗೆತ್ತಿಕೊಂಡಳು. ದನಿ ಹೆಚ್ಚು ಕಡಿಮೆ ಮಾಡುವ ತಿರುಗಣೆ ಸ್ವಲ್ಪ ಜರುಗಿತ್ತು, ಅಷ್ಟೇ. ಸರಿಮಾಡಿ ಹಾಕಿದಳು, ತಟ್ಟನೆ ಒಪ್ಪಿತು. ನನಗೆ ಕೋಪ ಬಂತು. "ಇಷ್ಟಕ್ಕಾ?" ಎಂದೆ. "ಇಷ್ಟಕ್ಕೇ. ಯಾವಾಗಲೂ ಇಷ್ಟಕ್ಕೇ ಕೆಡೋದು. ಹುಡುಕೋಕೆ ಕಲಿ" ಎಂದಳು. ಅಂದಿನಿಂದ ನಾನು ಹುಡುಕುತ್ತಲೇ ಇದ್ದೇನೆ. ಚಿಕ್ಕಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅತ್ತಿಗೆ, ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ? ನಾನು ಬೇರೆಯವನ್ನ ಕರ್ಸಾನ ಅಂದ್ನಲ್ಲ, ಅವ್ವನ ಮುಂದೇನೇ."

"ಅದು ಅತ್ತೆ ಹೇಳಬೇಕಾದ ಮಾತು ಮಾದೇವ. ನನ್ನದಲ್ಲ."

ಅವನು ಬಾಗಿಲ ಬಳಿಯಿದ್ದ ಖಾಲಿ ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದ.

ಆ ಬ್ಯಾರನ್ನು ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಕೆಳಗಿನ ಸಾಲಿನ ಸೊಪ್ಪಿನಲ್ಲಿ ಅಲ್ಲಲ್ಲಿ ಹಸಿರು ಉಳಿದಿತ್ತು. ಮಿಕ್ಕದ್ದು ಪರವಾಗಿಲ್ಲ. ಮುಂದಿನ ಒಲೆಗಳಿಗೆ ಸ್ಪೀಕರೂ ಇತ್ತು, ಗಾಜಿನ ಬಳಿ ಚಿಕ್ಕಪ್ಪನೂ ಇದ್ದ. ಎರಡೂ ಹೇಳಿದ್ದು ಒಂದೇ ಆದರೆ ಮಾತ್ರ ಅಜ್ಜಿ ನಂಬುತ್ತಿದ್ದಳು. ಗುಟ್ಟು ಹೊರಬಿದ್ದ ಮೇಲೆ ಅವಳ ಹೆದರಿಕೆಯೂ ಅರ್ಧ ಇಳಿದಿತ್ತೇನೋ. ಸೊಪ್ಪೆಲ್ಲ ಮುಗಿದು ಬೇಲು ಕಟ್ಟಿ ಹರಾಜಿಗೆ ಕಳಿಸಿದ ಮೇಲೆ ಮೈಸೂರಿಗೆ ಬರಲು ಒಪ್ಪಿದಳು. ಎಡಗಣ್ಣಿನ ನರವೇ ಒಣಗಿದೆ, ಏನೂ ಮಾಡಲಾಗದು ಎಂದರು ಡಾಕ್ಟರು. ಬಲಗಣ್ಣಿನ ಪೊರೆ ತೆಗೆದರು. ಅಪ್ಪ, ಅಮ್ಮ ಜೊತೆಗಿದ್ದರು. ಕರಿ ಕನ್ನಡಕ ಹಾಕಿಸಿಕೊಂಡು ಅಜ್ಜಿ ಮನೆಗೆ ಬಂದ ದಿನ ಊರೆಲ್ಲ ಬಂದು ನೋಡಿ ಹೋಯಿತು. ಚಿಕ್ಕಪ್ಪನ ಮೀಸೆ ನೋಡಿ, "ಯಾವಾಗ್ಲಾ ಬುಟ್ಟೆ ಇದ್ನ? ಸಂದಾಗಿಲ್ಲ, ತಗಿ" ಎಂದಳು. ನನ್ನನ್ನು ನೋಡಿ ತಾತನ ಮೂಗು ಎಂದಳು.

ಕೆಲವು ದಿನ ಕಳೆದು, ಕನ್ನಡಕ ತೆಗೆಯಬಹುದು ಎಂದಾದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಜಗುಲಿಯ ಬಿಸಿಲಿನಲ್ಲಿ ಕೂತಿದ್ದಳು. ಅಮ್ಮ ಕಣ್ಣಿಗೆ ಔಷಧಿ ಬಿಡಲು ಬಂದು ಎದುರಿಗೆ ಕುಕ್ಕರಿಸಿದಳು. ಔಷಧಿ ಬಿಟ್ಟು ಏಳುವಷ್ಟರಲ್ಲಿ ಅಜ್ಜಿ ಅವಳ ಮಣಿಕಟ್ಟು ಹಿಡಿದಳು.

"ತಡಿ. ಇದೇನೆ ಕೈಯೆಲ್ಲ ಇಂಗೆ, ಚುಕ್ಕೆ ಚುಕ್ಕೆ?"

"ಏನಿಲ್ಲ ಅತ್ತೆ. ಒಲೆ ಕಿಡಿ ಹಾರಿದ್ದು."

"ಒಲೆ ಕಿಡಿ ಸುಟ್ರೆ ಎಂಗಾಯ್ತದೆ ಅಂತ ನಂಗೆ ಹೇಳ್ಕೊಡ್ತೀಯಾ?"

ಅಮ್ಮ ಕೈ ಬಿಡಿಸಿಕೊಳ್ಳಲು ನೋಡಿದಳು. ಅಜ್ಜಿ ಬಿಡಲಿಲ್ಲ. ಇನ್ನೊಂದು ಕೈಯನ್ನೂ ಎಳೆದುಕೊಂಡು ಬೆಳಕಿಗೆ ಹಿಡಿದು, ಒಂದೊಂದೇ ಬೆರಳು ತಿರುಗಿಸಿ ನೋಡಿದಳು. ಕಾದ ಸೀಸ ಸಿಡಿದ ಕಲೆಗಳು. ಕೆಲವು ಹೆಬ್ಬೆರಳಿನ ಬುಡದಲ್ಲಿ, ಕೆಲವು ಮುಂಗೈವರೆಗೆ. ಆ ಮಳೆಗಾಲದಲ್ಲಿ ಅವಸರ ಅವಸರವಾಗಿ ಬೆಸುಗೆ ಹಾಕುವಾಗ ಆದಂಥವು. ದಿನಾ ಅದೇ ಕೈಯಿಂದ ಜಡೆ ಹಾಕಿಸಿಕೊಳ್ಳುತ್ತಿದ್ದ ನಾನೂ ಗಮನಿಸಿರಲಿಲ್ಲ. ಅಜ್ಜಿ ನನ್ನನ್ನು ಕೂಗಿ ಬೆಣ್ಣೆ ತರಿಸಿದಳು.

"ಎಲ್ಲ ಮಾಗಿ ಹೋಗಿದೆ ಅತ್ತೆ, ಈಗ ಹಚ್ಚಿದ್ರೆ ಏನೂ ಬರಲ್ಲ."

"ಆಗ ಕಾಣ್ನಿಲ್ಲ. ಈಗ ಹಚ್ತೀನಿ, ಸುಮ್ಕಿರು."

ಅಮ್ಮ ಎರಡೂ ಕೈಗಳನ್ನು ಅಜ್ಜಿಯ ಮಡಿಲಲ್ಲಿಟ್ಟಳು.